ಚಕ್ರ ಕಳಚಿದ ಯಂತ್ರದೊಡನೆ ಇಗ್ಬೋ ನಾಡಿಗೆ

ಮಾನ್ಯ ಓದುಗರ ಸನ್ನಿಧಿಗೆ,

ವಿಷಯ: ನೈಜೀರಿಯಾ ದೇಶಕ್ಕೆ ಕೈಗೊಂಡ ಪ್ರವಾಸದ ವಿವರಗಳನ್ನು ಸಲ್ಲಿಸುವ ಕುರಿತು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ವಿವರಗಳಿಗೆ ಹೋಗುವ ಮುನ್ನ ನನ್ನ ಕಾಗುಣಿತಕ್ಕಾಗಿಯೂ ಕೈಬರಹಕ್ಕಾಗಿಯೂ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ನಾನು ಪುಣೆಯಲ್ಲಿ ಹುಟ್ಟಿ ಬೆಳೆದವಳು. ಪ್ರಾಥಮಿಕ ಶಾಲೆಯ ಬಳಿಕ ನನ್ನ ವಿದ್ಯಾಭ್ಯಾಸವೆಲ್ಲ ಮರಾಠಿಯಲ್ಲಿ ನಡೆಯಿತು. ಅಲ್ಪಪ್ರಾಣ ಮಹಾಪ್ರಾಣಗಳು ಈಗಲೂ ನನ್ನ ಪೆನ್ನಿನ ತುದಿಯಲ್ಲಿ ಜಗಳವಾಡುತ್ತವೆ. ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವುದು ನನ್ನ ಉದ್ಯೋಗವಾದುದರಿಂದ ಪತ್ರದ ಧಾಟಿಯ ಹೊರತು ಬೇರೆ ಧಾಟಿ ನನಗೆ ತಿಳಿಯದು. ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆ ಆಫ್ರಿಕಾದ ಅನುಭವವನ್ನು ಬರೆದುಕೊಡಲೇಬೇಕೆಂದು ಕಾರ್ಯದರ್ಶಿಗಳು ಒತ್ತಾಯಿಸಿದ್ದರಿಂದ ಧೈರ್ಯ ಮಾಡಿರುತ್ತೇನೆ.

ಕೋಥರೂಡ

ನಮ್ಮ ಕಾರ್ಖಾನೆಯಲ್ಲಿ ಗೇರುಬೀಜದ ಸಿಪ್ಪೆ ಒಡೆದು ತಿರುಳು ತೆಗೆಯುವ ಯಂತ್ರಗಳು ತಯಾರಾಗುತ್ತವೆ. ಕಳೆದ ವರ್ಷ ಇಂತಹ ಯಂತ್ರವೊಂದನ್ನು ನೋಡಲು ನೈಜೀರಿಯಾದಿಂದ ಎಮೆಕಾ ಎಂಬ ವ್ಯಾಪಾರಿ ಬಂದಿದ್ದರು. ಅವರು ಇಗ್ಬೋ ಜನಾಂಗದವರು. ಊರು ಆ ದೇಶದ ಪೂರ್ವ ಭಾಗದಲ್ಲಿ, ಎನುಗು ಪಟ್ಟಣದ ಆಚೆ. ಅಂಗಡಿ ಪಶ್ಚಿಮದ ತುದಿಯ ಲಾಗೋಸ್ ಮಹಾನಗರದಲ್ಲಿ, ವಾಹನಗಳ ಬಿಡಿಭಾಗಗಳದ್ದು. ಅವರ ಊರಿನಲ್ಲಿ ಗೇರುಮರಗಳು ಬೇಕಾದಷ್ಟಿವೆ, ಆದರೆ ಬೀಜವನ್ನು ಸಿಪ್ಪೆಯ ಸಮೇತ ಮಾರಿಬಿಡುತ್ತಾರೆ. ಅದು ಹಡಗು ಹತ್ತಿ ನಮ್ಮ ಕರಾವಳಿಗೂ ಬರುತ್ತದೆ. ಕುಂದಾಪುರದ ಬಳಿಯ ಗೇರು ಕಾರ್ಖಾನೆಯಲ್ಲಿ ನನ್ನ ಸೋದರತ್ತೆ ಇಡೀ ಆಯುಷ್ಯ ಬೆರಳು ಕಪ್ಪು ಮಾಡಿಕೊಂಡು ಒಡೆದ ಬೀಜಗಳಲ್ಲಿ ಇವರ ಊರಿನವೂ ಇದ್ದಿರಬಹುದೆಂದು ನಾನು ಹೇಳಿದಾಗ ಎಮೆಕಾರವರು ನನ್ನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದರು.

ಅಂದು ಮಧ್ಯಾಹ್ನ ಅವರನ್ನು ಪುಣೆಯ ಕೋಥರೂಡದಲ್ಲಿರುವ ನನ್ನ ಅಣ್ಣ ಕರುಣಾಕರನ ಹೋಟೆಲಿಗೆ ಕರೆದೊಯ್ದೆ. ಅಡುಗೆಮನೆಯನ್ನೂ ನೋಡಬೇಕೆಂದು ಅವರೇ ಕೇಳಿಕೊಂಡರು. ಅಲ್ಲಿ ಹಿಟ್ಟು ರುಬ್ಬುವ ದೊಡ್ಡ ಗ್ರೈಂಡರ್ ಮರದ ಹಲಗೆ ತುಂಡುಗಳ ಮೇಲೆ ನಿಂತಿದೆ. ಚಾಲೂ ಮಾಡಿದರೆ ಅದು ನಡುಗುತ್ತ ಗೋಡೆಯ ಕಡೆಗೆ ಸರಿಯುತ್ತದೆ. ಅಡುಗೆಯವರು ಪ್ರತಿದಿನ ಅದನ್ನು ತಳ್ಳಿ ಸ್ವಸ್ಥಾನಕ್ಕೆ ತರುತ್ತಾರೆ. ಯಾಕೆ ನೆಲಕ್ಕೆ ಬಿಗಿದಿಲ್ಲವೆಂದು ಎಮೆಕಾ ಕೇಳಿದರು. ಅಪ್ಪನ ಕಾಲದಿಂದಲೂ ಹೀಗೆಯೇ ಎಂದು ನಾನು ವಿವರಿಸಿದೆ. ಎರಡು ರಾಜ್ಯಗಳ ಗಡಿಯ ಗಲಾಟೆ ಎದ್ದಾಗಲೆಲ್ಲ ಇಲ್ಲಿ ಕನ್ನಡದವರ ಬೋರ್ಡಿಗೆ ಮಸಿ ಬೀಳುತ್ತಿತ್ತು, ಅಲ್ಲಿ ಮರಾಠಿಯವರ ಬಸ್ಸಿಗೆ ಕಲ್ಲು ಬೀಳುತ್ತಿತ್ತು. ಅಪ್ಪ ಒಂದು ಕಣ್ಣನ್ನು ಸದಾ ಶಟರಿನ ಮೇಲೆ ಇಟ್ಟಿರುತ್ತಿದ್ದರು. ಈಗ ವರ್ಷಗಳಿಂದ ನಮ್ಮ ಅಂಗಡಿಗೆ ಏನೂ ಆಗಿಲ್ಲ. ಗಿರಾಕಿಗಳೆಲ್ಲ ಮರಾಠಿಯವರೇ, ಮದುವೆ ಮುಂಜಿಗೆ ಅಣ್ಣನನ್ನು ಕರೆಯುವವರೇ. ಆದರೂ ಹಲಗೆ ಹಾಗೆಯೇ ಉಳಿದಿದೆ.

"ನಾಳೆ ಹೋಗೆಂದರೆ ಏನನ್ನು ಒಯ್ಯುತ್ತೀರಿ?" ಎಂದು ಎಮೆಕಾ ಅಣ್ಣನನ್ನು ಕೇಳಿದರು. ನಾನು ಅನುವಾದಿಸಿದೆ.

"ಕಾವ್ಲಿ ಹೊತ್ಕಂಡ್ ಹೊರಡುದ್, ಮತ್ತೆಂತ?" ಎಂದ ಅಣ್ಣ, ದೋಸೆ ಮಗುಚುತ್ತಲೇ.

ಎಮೆಕಾ ಅಡುಗೆಮನೆಯಲ್ಲಿ ನಿಂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮರಳಿ ಲಾಗೋಸಿಗೆ ಹೋದವರೇ ಯಂತ್ರಕ್ಕೆ ಆದೇಶ ಕಳುಹಿಸಿದರು. ಅದರಲ್ಲಿ ಒಂದು ವಿಚಿತ್ರ ಷರತ್ತಿತ್ತು: ಸದರಿ ಯಂತ್ರವನ್ನು ನಾಲ್ಕು ಕಬ್ಬಿಣದ ಚಕ್ರಗಳ ಮೇಲೆ ನಿಲ್ಲಿಸಿ ಕೊಡಬೇಕು. ನೆಲಕ್ಕೆ ಬಿಗಿಯಬೇಕಾದ ಯಂತ್ರಕ್ಕೆ ಚಕ್ರವೇಕೆಂದು ನಮ್ಮ ಮಾಲೀಕರು ತಲೆ ಕೆರೆದುಕೊಂಡರು, ಗಿರಾಕಿಯ ಇಷ್ಟವೆಂದು ಹಾಕಿಸಿದರು. ಬೇಕಾದೀತೆಂದು ಪಾಯದ ಬೋಲ್ಟುಗಳನ್ನೂ ಪೆಟ್ಟಿಗೆಯೊಳಗೆ ಇಡಿಸಿದರು.

ಮಾಲೀಕರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ್ದರಿಂದ ಯಂತ್ರ ನಿಲ್ಲಿಸಿಕೊಡುವ ಕೆಲಸಕ್ಕೆ ಫಿಟ್ಟರ್ ಶರಣಪ್ಪನವರನ್ನೂ, ಮಾತು ಮತ್ತು ಕಾಗದಪತ್ರಗಳಿಗಾಗಿ ನನ್ನನ್ನೂ ಕಳುಹಿಸುವುದೆಂದು ತೀರ್ಮಾನವಾಯಿತು. ಶರಣಪ್ಪನವರು ಕಲಬುರಗಿ ಕಡೆಯವರು. ತಂದೆ ತಾಯಿ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದವರು. ಪಂಚಾಂಗ ನೋಡಿಸಿ ಸೋಮವಾರದ ಮುಹೂರ್ತವನ್ನು ಮಾಲೀಕರೇ ಗೊತ್ತುಮಾಡಿದರು. ನಾನು ಎಮೆಕಾರವರಿಗೆ ಪತ್ರ ಬರೆದೆ. ಕೊನೆಯಲ್ಲಿ, ಸದರಿ ದಿನವನ್ನು ಯಾವುದೇ ಕಾರಣಕ್ಕೂ ಬದಲಾಯಿಸತಕ್ಕದ್ದಲ್ಲ ಎಂದು ಸೇರಿಸಿದೆ. ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ. ಪತ್ರಗಳು ಹಾಗೆ ಮುಗಿದರೆ ಚೆಂದವೆಂದು ಬರೆದೆ. ಈ ಒಂದು ವಾಕ್ಯ ಮುಂದೆ ಏನು ಮಾಡಿತೆಂಬುದನ್ನು ಯಥಾಸ್ಥಾನದಲ್ಲಿ ನಿವೇದಿಸಿಕೊಳ್ಳುತ್ತೇನೆ.

ಹೊರಡುವ ಮುನ್ನಾದಿನ ಅಣ್ಣ ಹೇಳಿದ್ದು ಇಷ್ಟೇ: "ಹೋಯ್ ಬಾ. ಅಂವ ಎಂತ ಮಾಡ್ತ, ಕಂಡ್ಕಂಡ್ ಬಾ." ಅಣ್ಣನಿಗೂ ಊರಿನಲ್ಲಿ ಹೆದ್ದಾರಿ ಪಕ್ಕ ಒಂದು ಜಾಗವಿದೆ. ಎರಡನೆಯ ಹೋಟೆಲನ್ನು ಅಲ್ಲಿ ಕಟ್ಟುವುದೋ, ಇಲ್ಲಿ ಇರುವುದನ್ನೇ ಬೆಳೆಸುವುದೋ ಎಂದು ವರ್ಷಗಳಿಂದ ಯೋಚಿಸುತ್ತಲೇ ಇದ್ದಾನೆ.

ಲಾಗೋಸ್

ವಿಮಾನದಲ್ಲಿ ಕಿಟಕಿಯ ಪಕ್ಕದ ಆಸನ ಸಿಕ್ಕಿದ್ದನ್ನು ಹರ್ಷದಿಂದ ತಿಳಿಯಪಡಿಸುತ್ತೇನೆ. ಇಡೀ ಆಫ್ರಿಕಾ ಖಂಡ ನನ್ನ ಮೂಗಿನ ಕೆಳಗೆ ಹಾದುಹೋಯಿತು. ಅದರಲ್ಲಿ ಬಹುಪಾಲು ಮೋಡವಾಗಿತ್ತು, ಆದರೂ ನಾನು ಕಣ್ಣು ತೆಗೆಯಲಿಲ್ಲ.

ಲಾಗೋಸ್ ನಿಲ್ದಾಣದಲ್ಲಿ ಅಧಿಕಾರಿಯೊಬ್ಬರು ನಮ್ಮ ಚೀಲ ಬಿಚ್ಚಿಸಿದರು. ಮುಹೂರ್ತಕ್ಕೆಂದು ತಂದ ತೆಂಗಿನಕಾಯಿ ಮತ್ತು ಕುಂಕುಮದ ಪೊಟ್ಟಣವನ್ನು ಬಹಳ ಹೊತ್ತು ನೋಡಿದರು. ಅನಂತರ ಶರಣಪ್ಪನವರ ಚೀಲದಿಂದ ಜೋಳದ ಖಡಕ್ ರೊಟ್ಟಿಯ ದೊಡ್ಡ ಕಟ್ಟು ಹೊರಬಂತು. ಇದೇನೆಂದು ಕೇಳಿದರು. ಶರಣಪ್ಪನವರು ಒಂದನ್ನು ಮುರಿದು, ಶೇಂಗಾ ಚಟ್ನಿ ಉದುರಿಸಿ ಅಧಿಕಾರಿಯ ಕೈಗೇ ಇಟ್ಟರು. ಅಧಿಕಾರಿ ತಿಂದು, ಪಕ್ಕದ ಮೇಜಿನವರನ್ನೂ ಕರೆದು ತಿನ್ನಿಸಿ, ನಮ್ಮನ್ನು ಬಿಟ್ಟುಕೊಟ್ಟರು.

ಹೊರಗೆ ಎಮೆಕಾರವರೂ ಅವರ ಪತ್ನಿ ಎನ್ಗೋಜಿಯವರೂ ಕಾಯುತ್ತಿದ್ದರು. ಆ ಊರಿನವರು ಭೇಟಿಯಾದರೆ ಕೆಲಸದ ಮಾತಿಗೆ ಕೂಡಲೇ ಇಳಿಯುವುದಿಲ್ಲ. ನಿಮ್ಮ ನಿದ್ದೆ ಹೇಗಾಯಿತು, ಮನೆಯವರು ಹೇಗಿದ್ದಾರೆ, ದಾರಿ ಹೇಗಿತ್ತು ಎಂದು ಒಂದೊಂದಾಗಿ ಕೇಳಿ ಮುಗಿದ ಮೇಲೆಯೇ ಮುಂದಿನದು. ಪುಣೆಯಲ್ಲಿ ಬಸ್ಸಿನೊಳಗೆ ಹತ್ತುವಾಗಲೇ "ಮುಂದೆ ಸರೀರಿ" ಎಂದು ಬೆನ್ನಿಗೆ ಬೀಳುವ ಮಾತಿಗೆ ಒಗ್ಗಿದ ನನಗೆ ಇದು ಹಬ್ಬದ ಹಾಗಿತ್ತು. ಶರಣಪ್ಪನವರನ್ನು ಎಲ್ಲರೂ "ಎಂಜಿನಿಯರ್" ಎಂದು ಕರೆಯತೊಡಗಿದರು. ಮೊದಲ ದಿನ ಅವರು ಹಿಂದೆ ತಿರುಗಿ ಯಾರನ್ನು ಕರೆದರೆಂದು ನೋಡಿದರು; ಎರಡನೆಯ ದಿನದಿಂದ ಅಂಗಿಗೆ ಇಸ್ತ್ರಿ ಹಾಕಿಸಿಕೊಂಡರು.

ಎಮೆಕಾರವರ ಅಂಗಡಿಯಿರುವ ಮಾರುಕಟ್ಟೆಯಲ್ಲಿ ನಮ್ಮ ಪುಣೆಯ ಹೆಸರು ಅಚ್ಚಾದ ರಟ್ಟಿನ ಪೆಟ್ಟಿಗೆಗಳು ಗೋಡೆಯೆತ್ತರ ಜೋಡಿಸಿದ್ದವು. ನೆಂಟರು ಸಿಕ್ಕಂತಾಗಿ ಅವುಗಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡೆ. ಇಗ್ಬೋ ವ್ಯಾಪಾರಿಗಳಲ್ಲಿ ಒಂದು ಪದ್ಧತಿಯಿದೆ. ಒಬ್ಬ ಯಜಮಾನನ ಕೈಕೆಳಗೆ ವರ್ಷಗಟ್ಟಲೆ ಕೆಲಸ ಕಲಿತವನಿಗೆ, ಕಲಿಕೆ ಮುಗಿದಾಗ ಆ ಯಜಮಾನನೇ ಸರಕು ಕೊಟ್ಟು ಸ್ವಂತ ಅಂಗಡಿ ಹಾಕಿಸುತ್ತಾನೆ. ಆ ಹೊಸ ಅಂಗಡಿ ಹೆಚ್ಚಾಗಿ ಯಜಮಾನನ ಪಕ್ಕದಲ್ಲೇ ಇರುತ್ತದೆ. ಎಮೆಕಾ ಹಾಗೆ ಮೇಲೆ ಬಂದವರು, ಅನೇಕರನ್ನು ಹಾಗೆ ಮೇಲೆ ತಂದವರು. ನಮ್ಮ ಕರಾವಳಿಯ ಹೋಟೆಲಿನವರೂ ಹೀಗೆಯೇ ಒಬ್ಬರ ಹಿಂದೆ ಒಬ್ಬರು ಪುಣೆ ತುಂಬಿದರೆಂದು ಹೇಳಿದೆ. ನಿಮ್ಮಲ್ಲಿ ಪೈಪೋಟಿಗೆ ಹೆದರುವುದಿಲ್ಲವೇ ಎಂದು ಕೇಳಿದೆ. ಗಿರಾಕಿ ಒಂದು ಅಂಗಡಿಗೆ ಬರುವುದಿಲ್ಲ, ಬೀದಿಗೆ ಬರುತ್ತಾನೆ ಎಂದರು.

ಆದರೆ ಆ ಬೀದಿಯ ಒಂದು ಸಾಲು ನೆಲಸಮವಾಗಿತ್ತು. ಇಟ್ಟಿಗೆಯ ರಾಶಿಯ ನಡುವೆ ಒಬ್ಬರು ಕೊಡೆ ನೆಟ್ಟುಕೊಂಡು ಬ್ರೇಕಿನ ಸಾಮಾನು ಮಾರುತ್ತಿದ್ದರು. ಅದು ಚರಂಡಿಯ ಜಾಗವಾಗಿತ್ತು, ಅದಕ್ಕೇ ಕೆಡವಿದರು ಎಂದು ಕೆಲವರು ಹೇಳಿದರು. ನಮ್ಮ ಜನಾಂಗದ ಅಂಗಡಿಗಳೇ ಚರಂಡಿಯ ಮೇಲೆ ಹೇಗೆ ಸಿಗುತ್ತವೆ ಎಂದು ಬೇರೆ ಕೆಲವರು ಕೇಳಿದರು. ಚುನಾವಣೆಯ ಸಮಯದಲ್ಲಿ ಯಾರೋ ಬಂದು, ಇದು ನಿಮ್ಮ ನೆಲವಲ್ಲ, ನಿಮ್ಮೂರಿಗೆ ಹೋಗಿ ಎಂದಿದ್ದರಂತೆ. ಹಾಗೆಂದವರನ್ನು ಬೈದು ಕಳುಹಿಸಿದ ನೆರೆಯವರು ಕೂಡ ಇದೇ ನೆಲದ ಯೊರುಬಾ ಜನಾಂಗದವರೇ ಆಗಿದ್ದರಂತೆ. ನಿಜ ಎಲ್ಲಿದೆಯೆಂದು ನಿರ್ಣಯಿಸಲು ನಾನು ಅರ್ಹಳಲ್ಲ. ಕೊಡೆಯ ಕೆಳಗಿದ್ದವರ ಮುಖವನ್ನು ಮಾತ್ರ ನೋಡಿದೆ. ಅಪ್ಪ ಶಟರಿನ ಕಡೆ ನೋಡುತ್ತಿದ್ದುದು ನೆನಪಾಯಿತು.

ಅಂದು ಚಕ್ರದ ಗುಟ್ಟು ತಿಳಿಯಿತು. ಎಮೆಕಾರವರ ತಂದೆ ದೇಶದ ಅಂತರ್ಯುದ್ಧಕ್ಕೆ ಮೊದಲು ಬೇರೊಂದು ಪಟ್ಟಣದಲ್ಲಿ ಮನೆ ಕಟ್ಟಿದ್ದರು. ಯುದ್ಧ ಮುಗಿದು ಮರಳಿದಾಗ ಅದರಲ್ಲಿ ಇನ್ನೊಬ್ಬರ ಸಂಸಾರ ನಡೆಯುತ್ತಿತ್ತು. ಅಂದಿನಿಂದ ಅವರು ಮಕ್ಕಳಿಗೆ ಹೇಳಿಕೊಟ್ಟ ವ್ಯಾಪಾರ ಒಂದೇ: ಲಾರಿಗೆ ಹತ್ತುವಂಥದ್ದನ್ನು ಮಾತ್ರ ಕೊಳ್ಳಿ. ಬಿಡಿಭಾಗ ಹತ್ತುತ್ತದೆ, ಬಟ್ಟೆ ಹತ್ತುತ್ತದೆ. ಎಮೆಕಾರವರು ಜೀವನದಲ್ಲಿ ಮೊದಲ ಸಲ, ನಿಂತಲ್ಲಿ ನಿಲ್ಲಬೇಕಾದ ಒಂದು ವಸ್ತುವನ್ನು ಕೊಂಡಿದ್ದರು. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ಚಕ್ರ ಹಾಕಿಸಿದ್ದರು.

ಅಲ್ಹಾಜಾರವರ ಶೆಡ್ಡು

ಎಮೆಕಾ ದಂಪತಿ ಬಾಡಿಗೆಗಿದ್ದ ಮನೆಯ ಒಡತಿ ಒಬ್ಬ ವಯಸ್ಸಾದ ಯೊರುಬಾ ಮಹಿಳೆ. ಹಜ್ ಯಾತ್ರೆ ಮುಗಿಸಿದವರಾದ್ದರಿಂದ ಎಲ್ಲರೂ ಅವರನ್ನು ಅಲ್ಹಾಜಾ ಎನ್ನುತ್ತಾರೆ. ಮನೆಯ ಹಿಂದಿನ ಶೆಡ್ಡನ್ನು ಯಂತ್ರಕ್ಕಾಗಿ ಅವರೇ ಗುಡಿಸಿ ಇಟ್ಟಿದ್ದರು. ಎನ್ಗೋಜಿಯವರಿಗೂ ಅದೇ ಬೇಕಿತ್ತು. ಮಕ್ಕಳ ಶಾಲೆ ಇಲ್ಲಿದೆ, ಗಿರಾಕಿ ಇಲ್ಲಿದ್ದಾರೆ; ಊರಿನಲ್ಲಿ ಇರುವುದು ವರ್ಷವಿಡೀ ಬೀಗ ಹಾಕಿಕೊಂಡು ಕ್ರಿಸ್ಮಸ್ಸಿಗೆ ಮಾತ್ರ ಕಣ್ಣು ಬಿಡುವ ಒಂದು ದೊಡ್ಡ ಮನೆ. ಅಲ್ಲಿ ರಸ್ತೆಗಳಲ್ಲಿ ಭಯವಿದೆ, ಕೈಗಾರಿಕೆಗೆ ಹೂಡಿದ ಹಣ ಅಲ್ಲಿ ಮಲಗಿಬಿಡುತ್ತದೆ ಎಂಬುದು ಅವರ ವಾದ. ಇಲ್ಲಿ ಹೂಡಿದ ಹಣ ಎದ್ದು ಓಡಬೇಕಾಗುತ್ತದೆ ಎಂಬುದು ಗಂಡನ ವಾದ. ಈ ಚರ್ಚೆಯನ್ನು ಅವರು ನಮ್ಮೆದುರು ಸಂಕೋಚವಿಲ್ಲದೆ ನಡೆಸುತ್ತಿದ್ದರು, ನಡುನಡುವೆ ನನ್ನ ತಟ್ಟೆಗೆ ಹುರಿದ ಬಾಳೆ ಬಡಿಸುತ್ತ.

ಮೊದಲು ಪರೀಕ್ಷೆ ಮಾಡೋಣವೆಂದು ನಿರ್ಧಾರವಾಯಿತು. ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದು ಶೆಡ್ಡಿಗೆ ಉರುಳಿಸಿದರು. ಚಕ್ರಗಳಿಗೆ ಕಲ್ಲು ಕೊಟ್ಟರು. ಹಬೆಯಲ್ಲಿ ಬೇಯಿಸಿ ಒಣಗಿಸಿದ ಬೀಜವನ್ನು ಸುರಿದು ಶರಣಪ್ಪನವರು ಗುಂಡಿ ಒತ್ತಿದರು. ಯಂತ್ರ ಗಡಗಡಿಸಿತು, ಕಲ್ಲುಗಳನ್ನು ಒದ್ದಿತು, ಮತ್ತು ನಿಧಾನವಾಗಿ, ಗಾಂಭೀರ್ಯದಿಂದ, ಅಲ್ಹಾಜಾರವರ ಕೋಳಿಗೂಡಿನತ್ತ ನಡೆಯತೊಡಗಿತು.

"ಅಕ್ಕಾರ, ಇದು ಸಾಸವಡ ದಾಟಿ ಪಂಢರಪುರಕ್ಕ ಹೊಂಟದ ನೋಡ್ರಿ," ಎಂದರು ಶರಣಪ್ಪ, ಪುಣೆಯಿಂದ ಪಂಢರಪುರಕ್ಕೆ ತಾಳ ಹಿಡಿದು ನಡೆದುಹೋಗುವ ವಾರಕರಿ ಯಾತ್ರಿಕರಂತೆ ಅದರ ಜೊತೆಗೇ ನಡೆಯುತ್ತ. "ಕೊಳ್ಳಾಗ ತಾಳಾ ಕಟ್ಟೂದೊಂದು ಬಾಕಿ ಅದ."

ಕೋಳಿಗಳು ಗೋಡೆ ಹಾರಿದವು. ಯಂತ್ರ ನಿಲ್ಲಿಸಿ ನೋಡಿದರೆ ತಿರುಳೆಲ್ಲ ಚೂರುಚೂರು. ಗೇರುಬೀಜದ ಬೆಲೆಯಿರುವುದು ಇಡಿಯಾದ ತಿರುಳಿಗೆ. ಚೂರು ಪಾಯಸಕ್ಕೂ ಕಷ್ಟದಿಂದ ಸಲ್ಲುತ್ತದೆ. ಶರಣಪ್ಪನವರ ತೀರ್ಪು ಸ್ಪಷ್ಟವಾಗಿತ್ತು. ನಾನು ಅದನ್ನು ಇಂಗ್ಲಿಷಿಗೆ ತಂದು ಎಮೆಕಾರವರ ಮುಂದಿಟ್ಟೆ. ನೆಲಕ್ಕೆ ಕಾಂಕ್ರೀಟಿನಲ್ಲಿ ಬೋಲ್ಟು ಹೂತು ಬಿಗಿದರೆ ಬೀಜ ಇಡಿಯಾಗಿ ಬರುತ್ತದೆ. ಚಕ್ರದ ಮೇಲಿದ್ದರೆ ಎಂದೆಂದಿಗೂ ಚೂರೇ.

"ಹೂಳಿಬಿಡು," ಎಂದರು ಅಲ್ಹಾಜಾ. "ಹೆಂಡತಿಯನ್ನು ಮನೆಗೆ ಕರೆತಂದು ಟ್ಯಾಕ್ಸಿಯಲ್ಲೇ ಕೂರಿಸಿ ಇಟ್ಟಂತಾಯಿತು ಇದು. ನಾನು ಎಂದಾದರೂ ನಿನಗೆ ಹೊರಡು ಅಂದಿದ್ದೇನೆಯೇ?"

"ನೀವು ಅಂದಿಲ್ಲ ಅಮ್ಮಾ," ಎಂದರು ಎಮೆಕಾ. "ಅನ್ನುವವರು ಬಂದಾಗ ನಿಮ್ಮನ್ನು ಯಾರು ಕೇಳುತ್ತಾರೆ?"

ಅಲ್ಹಾಜಾ ಗೋಡೆ ಹಾರಿದ ಕೋಳಿಗಳನ್ನು ಕರೆಯಲು ಹೊರಗೆ ಹೋದರು.

ಅಂದು ಸಂಜೆ ಎಮೆಕಾರವರು, ಯಂತ್ರ ಊರಿಗೂ ಒಮ್ಮೆ ಹೋಗಿಬರಲಿ, ಅಲ್ಲಿ ಸರಿಯೆನಿಸದಿದ್ದರೆ ಚಕ್ರವಂತೂ ಇದ್ದೇ ಇದೆ ಎಂದರು. ಎನ್ಗೋಜಿಯವರು, ನೋಡಿಯೇ ಬಿಡೋಣ, ಆಮೇಲೆ ಈ ಮಾತು ಮುಗಿಯಲಿ ಎಂದು ಒಪ್ಪಿದರು. ಸೋಮವಾರದ ಮುಹೂರ್ತ ಬದಲಾಗಕೂಡದಲ್ಲವೇ ಎಂದು ಎಮೆಕಾ ನನ್ನನ್ನು ಕೇಳಿದರು. ನಾನು ಹೆಮ್ಮೆಯಿಂದ ಹೌದೆಂದೆ.

ಸೇತುವೆ

ಯಂತ್ರ ಲಾರಿಯಲ್ಲಿ, ನಾವು ಹಿಂದಿನ ವಾಹನದಲ್ಲಿ. ದಾರಿಯುದ್ದಕ್ಕೂ ಪೊಲೀಸರ ತಡೆಗಳು. ಪ್ರತಿ ತಡೆಯಲ್ಲೂ ಕುಶಲ ಪ್ರಶ್ನೆ. ವಾಹನ ನಿಂತಲ್ಲೆಲ್ಲ ಕಿಟಕಿಗೆ ಬ್ರೆಡ್ಡು, ನೀರು, ಬಾಳೆ ಚಿಪ್ಸು, ಗೋಡೆ ಗಡಿಯಾರ, ಒಮ್ಮೆ ಜೀವಂತ ಮೊಲ. ಶರಣಪ್ಪನವರು ಗಡಿಯಾರಕ್ಕೆ ಕನ್ನಡದಲ್ಲಿ ಚೌಕಾಶಿ ಮಾಡಿ ಗೆದ್ದರು.

ಮಧ್ಯಾಹ್ನ ಕಳೆದ ಮೇಲೆ ನೈಜರ್ ನದಿ ಬಂತು. ಇಷ್ಟು ಅಗಲವಾದ ನದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಉದ್ದನೆಯ ಕಬ್ಬಿಣದ ಸೇತುವೆಯ ಆಚೆ ದಡದಲ್ಲಿ ಒನಿಚಾ ನಗರ, ಅಲ್ಲಿಂದ ಇಗ್ಬೋ ನಾಡು. ಎಮೆಕಾರವರು ವಾಹನದ ಎಲ್ಲ ಕಿಟಕಿಗಳನ್ನೂ ಇಳಿಸಿದರು. ಅಷ್ಟು ಹೊತ್ತು ಇಂಗ್ಲಿಷಿನಲ್ಲಿ ವಾದಿಸುತ್ತಿದ್ದ ಗಂಡಹೆಂಡಿರು ಸೇತುವೆಯ ಮಧ್ಯದಲ್ಲಿ ತಮಗರಿವಿಲ್ಲದೆ ಇಗ್ಬೋ ಭಾಷೆಗೆ ತಿರುಗಿದರು. ವಾದ ಮಾತ್ರ ಅದೇ.

ಶರಣಪ್ಪನವರು ನನ್ನತ್ತ ಬಾಗಿ, "ರೈಲು ದೌಂಡ ಬಿಟ್ಟು ಸೋಲಾಪುರ ದಾಟಿತಂದ್ರ ನಾ ಬೂಟು ಹಾಕ್ಕೊಂಡು ಕುಂದ್ರತೀನ್ರಿ ಅಕ್ಕಾರ. ಕಲಬುರಗಿ ಇನ್ನ ಎಷ್ಟೋ ದೂರ ಇರ್ತದ," ಎಂದರು. ಎನ್ಗೋಜಿಯವರ ಕಾಲ ಕಡೆ ನೋಡಿದೆ. ಅವರೂ ಚಪ್ಪಲಿ ಮೆಟ್ಟಿಕೊಂಡು ಕುಳಿತಿದ್ದರು. ನಮಗೆ ಇನ್ನೂ ದೀರ್ಘ ದಾರಿ ಬಾಕಿಯಿತ್ತು. ಒನಿಚಾದಲ್ಲಿ ಸಿಮೆಂಟಿನ ಚೀಲಗಳನ್ನು ಲಾರಿಗೆ ಹಾಕಿಸಿದೆವು. ಚಕ್ರವಿರಲಿ, ಬೋಲ್ಟಿರಲಿ, ಶೆಡ್ಡಿನ ನೆಲಕ್ಕಂತೂ ಬೇಕಾಗಿತ್ತು.

ಊರು, ಭಾನುವಾರ

ಎಮೆಕಾರವರ ಊರಿನ ಮನೆ ನಮ್ಮ ಕೋಥರೂಡದ ಹೌಸಿಂಗ್ ಸೊಸೈಟಿಯೊಂದನ್ನು ಇಡಿಯಾಗಿ ನುಂಗುವಷ್ಟು ದೊಡ್ಡದು. ಎತ್ತರದ ಆವರಣ ಗೋಡೆ, ಒಳಗೆ ಶೆಡ್ಡು, ಗೋಡೆಯಾಚೆ ಹಣ್ಣು ಜೋತ ಗೇರುಮರಗಳು. ಗೇರುಹಣ್ಣಿನ ವಾಸನೆ ಮೂಗಿಗೆ ಬಡಿದಾಗ ಒಂದು ಕ್ಷಣ ನಾನು ಅತ್ತೆಯ ಸೆರಗು ಹಿಡಿದು ನಿಂತಂತಾಯಿತು.

ಭಾನುವಾರ ಚರ್ಚಿನ ಪೂಜೆ ಮುಗಿದ ಬಳಿಕ ಎಮೆಕಾರವರ ಚಿಕ್ಕಪ್ಪ ಒಕೋಯೆಯವರೂ ಕೆಲವು ಹಿರಿಯರೂ ಬಂದರು. ಅಲ್ಲಿ ಅತಿಥಿಗೆ ಮೊದಲು ಕೋಲಾ ಕಾಯಿ ಕೊಡುವುದು ಪದ್ಧತಿ. ತಟ್ಟೆಯಲ್ಲಿಟ್ಟ ಕಾಯಿ ಎಲ್ಲರ ಕೈ ಮುಟ್ಟಿ ಮನೆಯವರ ಕೈಗೇ ಮರಳಿ ಬರುತ್ತದೆ. ಪ್ರಾರ್ಥನೆಯಾದ ಮೇಲೆ ಒಡೆದು ಹಂಚುತ್ತಾರೆ. ನಮ್ಮ ವೀಳ್ಯದ ಗೌರವವೇ ಅದಕ್ಕೆ. ಹೋಳು ಕೈಗೆ ಬಂದೊಡನೆ ಶರಣಪ್ಪನವರು, ಅಡಿಕೆಯ ಅಭ್ಯಾಸಬಲದಿಂದ, ಜೇಬಿನ ಸುಣ್ಣದ ಡಬ್ಬಿ ತೆಗೆದು ಬೆರಳಿಂದ ಹೋಳಿಗೆ ಸುಣ್ಣ ಸವರಿಬಿಟ್ಟರು. ಎಲ್ಲರ ಕಣ್ಣೂ ಆ ಬೆರಳಿನ ಮೇಲೆ ನೆಟ್ಟವು. ನಾನು ನೆಲ ನೋಡಿದೆ.

ಆದರೆ ಅವರಲ್ಲಿ ಅತಿಥಿಗೆ ಬಿಳಿ ಸೀಮೆಸುಣ್ಣದಂಥ ಮಣ್ಣನ್ನು ಕೊಡುವುದೂ ಒಂದು ಸಂಪ್ರದಾಯವಂತೆ. ಅದು ಮನಸ್ಸು ಶುಭ್ರವಾಗಿದೆ ಎಂಬುದರ ಗುರುತು. ಅತಿಥಿಯೇ ತನ್ನ ಬಿಳುಪನ್ನು ತಂದಿದ್ದಾನೆಂದು ಚಿಕ್ಕಪ್ಪ ಎದ್ದು ಬಂದು ತಮ್ಮ ಹೋಳಿಗೂ ಸವರಿಸಿಕೊಂಡರು. ಜಗಿದರು. ಅವರ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. "ಎಂಜಿನಿಯರ್ ಬಲಶಾಲಿ," ಎಂದು ಘೋಷಿಸಿದರು.

ಆ ಸಂತೋಷದಲ್ಲಿ ನಾನು ಎದ್ದು ನಿಂತು, ನಾಳೆ ಸೋಮವಾರ ಯಂತ್ರಾರಂಭವೆಂದು ವಿಧ್ಯುಕ್ತವಾಗಿ ಪ್ರಕಟಿಸಿದೆ. ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಸೋಮವಾರ ಆ ನಾಡಿನಲ್ಲಿ ಏನೂ ತೆರೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಪ್ರತ್ಯೇಕ ನಾಡಿನ ಬೇಡಿಕೆಯಿಂದ ಸೋಮವಾರದ ಬಂದ್ ಶುರುವಾಯಿತಂತೆ; ಈಗ ಕರೆ ಕೊಟ್ಟವರು ಯಾರು, ಹಿಂತೆಗೆದುಕೊಂಡವರು ಯಾರು ಎಂಬುದು ಗೊಂದಲವಾಗಿ ಭಯ ಮಾತ್ರ ಉಳಿದಿದೆ. ಕೆಲವು ಊರುಗಳಲ್ಲಿ ಅದು ಕರಗುತ್ತಿದೆ, ಇಲ್ಲಿ ಕರಗಿಲ್ಲ. ಅಂದು ರಸ್ತೆಯಲ್ಲಿ ಕಾಣಿಸಿಕೊಂಡವರಿಗೆ, ಕೆಲಸದ ಸದ್ದು ಕೇಳಿಸಿದ ಮನೆಗೆ ಏನು ಬೇಕಾದರೂ ಆಗಬಹುದು. ಎನ್ಗೋಜಿಯವರು ಗಂಡನತ್ತ ತಿರುಗಿ, ವಾರದ ಒಂದು ದಿನವನ್ನೇ ಹೂತುಬಿಟ್ಟಿರುವ ಊರಿನಲ್ಲಿ ಯಂತ್ರ ಹೂಳುತ್ತೀರಾ ಎಂದು ಕೇಳಿದರು. ಇದು ಗೊತ್ತಿದ್ದೂ ಮೊದಲೇ ಯಾಕೆ ಹೇಳಲಿಲ್ಲವೆಂದು ನಾನು ಎಮೆಕಾರವರನ್ನು ವಿಚಾರಿಸಿದೆ.

"ಯಾವುದೇ ಕಾರಣಕ್ಕೂ ಬದಲಾಯಿಸಬಾರದೆಂದು ನೀವು ಬರೆದಿದ್ದಿರಿ ಮೇಡಮ್," ಎಂದರು. "ನಿಮ್ಮ ದೇವರು ಕಟ್ಟುನಿಟ್ಟಿನವನೆಂದುಕೊಂಡೆ."

ನನಗೆ ಮುಖ ಎಲ್ಲಿ ಅಡಗಿಸಬೇಕೆಂದು ತಿಳಿಯಲಿಲ್ಲ. ಮಂಗಳವಾರವೂ ಆಗಬಹುದು, ಬುಧವಾರವೂ ಆಗಬಹುದು, ನಮ್ಮ ದೇವರು ಹೊಂದಿಕೊಳ್ಳುತ್ತಾನೆ ಎಂದು ತಡವರಿಸಿದೆ. ಶರಣಪ್ಪನವರಿಗೆ ಕನ್ನಡದಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ಸುಣ್ಣದ ಡಬ್ಬಿ ಮುಚ್ಚಿ ಹೇಳಿದರು: "ಮಿಶನ್ ಚಾಲೂ ಮಾಡಿದ್ರ ಸಪ್ಪಳ ಆಗ್ತದ, ಖರೆ. ಕಾಂಕ್ರೀಟು ಹಾಕಿದ್ರ ಏನ್ ಸಪ್ಪಳ ಆಗ್ತದ್ರಿ? ಪಾಯಾ ಹಾಕೂದೂ ಮುಹೂರ್ತನ ಅಲ್ಲೇನ್ರಿ?"

ಅನುವಾದ ಕೇಳಿ ಚಿಕ್ಕಪ್ಪ ಮೆಲ್ಲಗೆ ಕೈ ತಟ್ಟಿದರು. ಬೋಲ್ಟು ಇಡುವುದೋ, ಚಕ್ರಕ್ಕೆ ಬರಿಯ ನೆಲ ಮಾಡುವುದೋ ಎಂಬುದನ್ನು ಬೆಳಿಗ್ಗೆ ಹೇಳುವುದಾಗಿ ಎಮೆಕಾ ಎದ್ದು ಹೋದರು. ಗುಂಡಿಯನ್ನು ಅಂದೇ ತೋಡಲಾಯಿತು.

ಸೋಮವಾರ

ಅಂತಹ ಬೆಳಗನ್ನು ನಾನು ಕಂಡಿಲ್ಲ. ಒಂದು ಬೈಕಿಲ್ಲ, ಒಂದು ಹಾರ್ನಿಲ್ಲ. ನಮ್ಮ ಪುಣೆಯ ಬಂದ್ ದಿನವೂ ಇದರ ಮುಂದೆ ಜಾತ್ರೆ. ಹಿಂದಿನ ದಿನದವರೆಗೆ ಗಂಟಲು ಹರಿಯುವಂತೆ ಕುಶಲ ಕೇಳುತ್ತಿದ್ದ ಊರು ಗೋಡೆಗಳ ಹಿಂದೆ ಉಸಿರು ಹಿಡಿದು ಕುಳಿತಿತ್ತು.

ಸಲಿಕೆಗಳಿಗೆ ಬಟ್ಟೆ ಸುತ್ತಿ ಮರಳು, ಜಲ್ಲಿ, ಸಿಮೆಂಟನ್ನು ಒಣದಾಗಿ ಬೆರೆಸಿದೆವು. ನೀರಿಗೆ ಹೋದರೆ ತೊಟ್ಟಿ ತಳ ಕಂಡಿತ್ತು. ಅದು ಬೇಸಿಗೆ, ನೀರು ತರುವ ಟ್ಯಾಂಕರ್ ಸೋಮವಾರ ಬರುವುದಿಲ್ಲ. ಇದನ್ನು ಯಾರೂ ಯೋಚಿಸಿರಲಿಲ್ಲ. ಎನ್ಗೋಜಿಯವರು ಮೆಟ್ಟಿಲ ಮೇಲೆ ಕುಳಿತರು. ಅವರ ವಾದವನ್ನು ತೊಟ್ಟಿಯೇ ಮಂಡಿಸಿತ್ತು. ಚಿಕ್ಕಪ್ಪ ಹಿತ್ತಲ ಬಾಗಿಲು ತೆರೆದು ಎಲ್ಲಿಗೋ ಹೋದರು.

ಸ್ವಲ್ಪ ಹೊತ್ತಿಗೆ ಅದೇ ಬಾಗಿಲಲ್ಲಿ ಒಬ್ಬ ಹೆಂಗಸು ತಲೆಯ ಮೇಲೆ ನೀರು ತುಂಬಿದ ಬೇಸಿನ್ನು ಹೊತ್ತು ಒಳಗೆ ಬಂದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತೊಬ್ಬರು. ರಸ್ತೆಗೆ ಕಾಲಿಡದೆ ಒಬ್ಬರ ಹಿತ್ತಲಿನಿಂದ ಇನ್ನೊಬ್ಬರ ಹಿತ್ತಲಿಗೆ, ಗೇರುಮರಗಳ ಅಡಿಯಿಂದ ಬಂದಿದ್ದರು. ಒಬ್ಬರೂ ಮಾತಾಡಲಿಲ್ಲ. ಕುಶಲ ಪ್ರಶ್ನೆಯಿಲ್ಲದೆ ಆ ಊರಿನ ಹೆಂಗಸರು ಒಂದು ಅಂಗಳಕ್ಕೆ ಬಂದದ್ದು ಅದೇ ಮೊದಲಿರಬೇಕು. ನೀರು ಸುರಿಯುತ್ತಾರೆ, ನನ್ನ ಭುಜ ಮುಟ್ಟುತ್ತಾರೆ, ಮತ್ತೆ ಹೋಗುತ್ತಾರೆ. ಅವರಿಗೂ ಭಯವಿತ್ತು, ಪ್ರತಿ ಸಲ ಹೊರಡುವ ಮುನ್ನ ಬಾಗಿಲಲ್ಲಿ ನಿಂತು ರಸ್ತೆಯ ಕಡೆಗೆ ಕಿವಿಗೊಡುತ್ತಿದ್ದರು.

ಕಾಂಕ್ರೀಟು ಕಲಸಿ ಗುಂಡಿ ತುಂಬಿತು. ಶರಣಪ್ಪನವರು ಬೋಲ್ಟುಗಳ ಚೀಲ ಹಿಡಿದು ನಿಂತರು. "ಸಾವ್ಕಾರ್ರ, ಕಾಂಕ್ರೀಟು ನಮ್ಮನ್ನ ಕಾಯಂಗಿಲ್ರಿ. ಇಡ್ಲೋ, ಬ್ಯಾಡೋ?" ಎಂದು ಪಿಸುಮಾತಿನಲ್ಲಿ ಕೇಳಿದರು. ಅನುವಾದ ಬೇಕಾಗಲಿಲ್ಲ. ಎಮೆಕಾರವರು ಗುಂಡಿಯನ್ನು ನೋಡುತ್ತ ನಿಂತರು. ಅವರ ತಂದೆ ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದಂತೆ ನನಗೆ ಭಾಸವಾಯಿತು. ಗಟ್ಟಿಯಾಗಲು ಹೊರಟ ಕಾಂಕ್ರೀಟಿನ ಮೇಲೆ ನೀರು ತೇಲಿ ಬರತೊಡಗಿತ್ತು.

ಮೆಟ್ಟಿಲ ಮೇಲಿದ್ದ ಎನ್ಗೋಜಿಯವರು ಎದ್ದು ಬಂದರು. ಲಂಗವನ್ನು ಮಡಚಿಕೊಂಡು ಗುಂಡಿಯ ಪಕ್ಕ ಮೊಣಕಾಲೂರಿದರು. ಶರಣಪ್ಪನವರ ಕೈಯಿಂದ ಒಂದು ಬೋಲ್ಟು ತೆಗೆದುಕೊಂಡು ಕಾಂಕ್ರೀಟಿನಲ್ಲಿ ನೆಟ್ಟು, ನೆಟ್ಟಗೆ ಹಿಡಿದರು.

"ಲಾಗೋಸಿನಲ್ಲಿ ನಮ್ಮದೆಲ್ಲ ಚಕ್ರದ ಮೇಲೆಯೇ ಇದೆ," ಎಂದರು ಗಂಡನಿಗೆ. "ಇರಲಿ. ಒಂದಾದರೂ ನಿಲ್ಲಲಿ."

"ಆಮೇಲೆ ಇದನ್ನು ಹೊತ್ತುಕೊಂಡು ಓಡಲಾಗದು."

"ಅವರೂ ಓಡುವುದಿಲ್ಲ," ಎಂದರು ಆಕೆ, ನೀರು ಹೊತ್ತ ಹೆಂಗಸರು ಬಂದ ಹಿತ್ತಲ ಬಾಗಿಲಿನತ್ತ ತಲೆ ಹೊರಳಿಸಿ.

ಎಮೆಕಾರವರು ಎರಡನೆಯ ಬೋಲ್ಟನ್ನು ಹಿಡಿದರು. ಮೂರನೆಯದು ಚಿಕ್ಕಪ್ಪನಿಗೆ, ನಾಲ್ಕನೆಯದು ನನ್ನ ಪಾಲಿಗೆ ಬಂತು. ಶರಣಪ್ಪನವರು ದಾರ ಹಿಡಿದು ಅಳೆದರು, ಕುಂಕುಮ ಹಚ್ಚಿದರು. ತೆಂಗಿನಕಾಯಿ ಒಡೆಯುವ ಸದ್ದು ರಸ್ತೆಗೆ ಕೇಳಬಾರದೆಂದು ಅದನ್ನು ನನ್ನ ಟವೆಲ್ಲಿನಲ್ಲಿ ಸುತ್ತಿ, ದಿಂಬಿನ ಮೇಲಿಟ್ಟು, ಸುತ್ತಿಗೆಯಿಂದ ಒಂದೇ ಏಟು ಕೊಟ್ಟರು. ನನ್ನ ಜೀವನದಲ್ಲಿ ಇಷ್ಟು ಸದ್ದಿಲ್ಲದ ಸಮಾರಂಭವನ್ನು ನೋಡಿಲ್ಲ. ಹೆಂಗಸರು ಕಾಯಿಚೂರನ್ನು ಬಾಯಿಗಿಟ್ಟುಕೊಂಡು, ನಗುವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಬಂದ ದಾರಿಯಲ್ಲೇ ಮರಳಿದರು.

ಮರುದಿನ ಊರಿಗೆ ಧ್ವನಿ ಮರಳಿತು. ಕಾಂಕ್ರೀಟು ಗಟ್ಟಿಯಾಗುವವರೆಗೆ ದಿನವೂ ನೀರುಣಿಸುತ್ತ ಕಾದೆವು. ಚಕ್ರಗಳನ್ನು ಕಳಚಿ ಯಂತ್ರವನ್ನು ಬೋಲ್ಟಿನ ಮೇಲೆ ಕೂರಿಸಿ ಬಿಗಿದು ಚಾಲೂ ಮಾಡಿದಾಗ ಅದು ಒಂದು ಕೂದಲೆಳೆಯೂ ಅಲುಗಲಿಲ್ಲ. ಸಿಪ್ಪೆ ಒಂದು ಕಡೆ, ತಿರುಳು ಇನ್ನೊಂದು ಕಡೆ. ತಿರುಳು ಇಡಿಯಾಗಿತ್ತು. ಎನ್ಗೋಜಿಯವರು ಬೊಗಸೆಯಲ್ಲಿ ಹಿಡಿದು ಅಂಗಳದ ತುಂಬ ಓಡಾಡಿ ತೋರಿಸಿದರು. ಆಮೇಲೆ ಲಾಗೋಸಿಗೆ ಫೋನು ಹಚ್ಚಿದರು. ಅಲ್ಹಾಜಾ ಮೊದಲು ಮುನಿಸು ತೋರಿದರು, ಅನಂತರ ತಮ್ಮ ಶೆಡ್ಡನ್ನು ಪೊಟ್ಟಣ ಕಟ್ಟಲು ಇಟ್ಟಿರುವುದಾಗಿಯೂ ಮೊದಲ ಪೊಟ್ಟಣ ತಮಗೇ ಬರಬೇಕೆಂದೂ ಆಜ್ಞಾಪಿಸಿದರು.

ಹೊರಡುವ ದಿನ ಎಮೆಕಾರವರು ಒಂದು ಕಬ್ಬಿಣದ ಚಕ್ರವನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟರು. "ಕಾವಲಿ ಹೊರುವ ನಿಮ್ಮ ಅಣ್ಣನಿಗೆ," ಎಂದರು. "ಹೊರುವುದು ಕಷ್ಟವಾದರೆ ತಳ್ಳಿಕೊಂಡು ಹೋಗಲಿ."

ಮರಳಿ ಕೋಥರೂಡ

ಮುಂಬಯಿ ನಿಲ್ದಾಣದಲ್ಲಿ ಸದರಿ ಚಕ್ರದ ಉದ್ದೇಶವೇನೆಂದು ವಿಚಾರಣೆಯಾಯಿತು. ಸಂದೇಶವೆಂದು ಉತ್ತರಿಸಿದೆ. ಅಧಿಕಾರಿ ನನ್ನ ಮುಖ ನೋಡಿ ಬಿಟ್ಟರು.

ಅಣ್ಣ ಗಲ್ಲಾದ ಹಿಂದೆ ಕುಳಿತು ಕಥೆಯನ್ನೆಲ್ಲ ಕೇಳಿದ. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಲೇ ಕೇಳಿದ. ಹೆಂಗಸರು ನೀರು ತಂದ ಭಾಗಕ್ಕೆ ಬಂದಾಗ ಚಿಲ್ಲರೆ ಕೊಡುವುದನ್ನು ನಿಲ್ಲಿಸಿದ. ಚಕ್ರವನ್ನು ಕೈಯಲ್ಲಿ ತೂಗಿ ನೋಡಿ, ತಿರುಗಿಸಿ, ಮೇಜಿನ ಮೇಲಿಟ್ಟ.

ನಾನು ಊರಿನ ಹೆದ್ದಾರಿ ಪಕ್ಕದ ಜಾಗದ ಮಾತು ತೆಗೆಯುತ್ತಾನೆಂದು ಎಣಿಸಿದ್ದೆ. ಎಮೆಕಾ ಮಾಡಿದ್ದೂ ಅದನ್ನೇ ಅಲ್ಲವೇ. ಅಣ್ಣ ಹೊರಗೆ ನೋಡಿದ. ಹೊರಗೆ ದಿನವೂ ಬರುವ ಅಜ್ಜ ಒಬ್ಬರು ಸ್ಕೂಟರ್ ನಿಲ್ಲಿಸುತ್ತ, "ಕಾಯ್ ಕರುಣಾಕರ, ಬಹೀಣ್ ಆಲೀ ಕಾ?" ಎಂದು ನಾನು ಬಂದೆನೇ ಎಂಬುದನ್ನು ವಿಚಾರಿಸುತ್ತಿದ್ದರು. ನಾನು ಊರಲ್ಲಿಲ್ಲದಷ್ಟು ದಿನವೂ ಅವರು ಕೇಳಿದ್ದರಂತೆ.

"ಆ ಶರಣಪ್ಪ ಭಾನುವಾರ ಬಿಡುವಿದ್ನಾ, ಕೇಳ್," ಎಂದ ಅಣ್ಣ.

ಶರಣಪ್ಪನವರು ಬಂದರು. ಹಲಗೆ ತುಂಡುಗಳನ್ನು ಎಳೆದು ಹೊರಗೆ ಹಾಕಿದರು. ಗ್ರೈಂಡರಿಗೆ ಪಾಯ ತೋಡಿ, ಬೋಲ್ಟು ಹೂತು, ಕಾಂಕ್ರೀಟು ಹಾಕಿದರು. ಈ ಸಲ ತೆಂಗಿನಕಾಯಿಯನ್ನು ಟವೆಲ್ಲಿನಲ್ಲಿ ಸುತ್ತಲಿಲ್ಲ. ಹೋಟೆಲಿನ ಬಾಗಿಲಲ್ಲೇ, ರಸ್ತೆಗೆಲ್ಲ ಕೇಳುವಂತೆ ಒಡೆದರು. ನೀರು ಹಾಕಲು ಸ್ಕೂಟರಿನ ಅಜ್ಜ ಹಟ ಹಿಡಿದರು.

ಈ ಬರಹದಲ್ಲಿ ಕಾಗುಣಿತದ ದೋಷಗಳೂ, ತಿಳಿವಳಿಕೆಯ ದೋಷಗಳೂ ಖಂಡಿತವಾಗಿ ಉಳಿದಿರುತ್ತವೆ. ತಾವು ದಯವಿಟ್ಟು ಕಂಡಲ್ಲಿ ತಿದ್ದಬೇಕು. ತಿದ್ದಿದ ಕಾಗದವನ್ನು ಕೋಥರೂಡದಲ್ಲಿ ಅಣ್ಣನ ಹೋಟೆಲಿನ ಗಲ್ಲಾ ಮೇಜಿನ ಮೇಲೆ, ಕಬ್ಬಿಣದ ಚಕ್ರದ ಅಡಿಯಲ್ಲಿ ಇಟ್ಟು ಹೋಗಬೇಕಾಗಿ ವಿನಂತಿ. ಅದು ಎಲ್ಲಿಗೂ ಉರುಳಿ ಹೋಗುವುದಿಲ್ಲ.

ತಮ್ಮ ವಿಧೇಯಳಾದ,
ಸುಮತಿ